ಮರು: ‘ಸ್ಕ್ರೀನಿಂಗ್’ಗೆ ಕನ್ನಡದಲ್ಲಿ ಏನು? ಬೋರ್ಡು ಶನಿವಾರದೊಳಗೆ ಬೇಕು

ಬಲ್ಲವರಿಗೆ ನಮಸ್ಕಾರ.

ಬೆಂಗಳೂರಿನ ಒಂದು ಮಕ್ಕಳ ಕ್ಲಿನಿಕ್ಕಿಗೆ ಬೋರ್ಡು, ಅಂಗನವಾಡಿ ಕಾರ್ಯಕರ್ತೆಯರಿಗೆ ಎರಡು ಪುಟದ ಕೈಪಿಡಿ, ಎರಡನ್ನೂ ಕನ್ನಡಕ್ಕೆ ತರುತ್ತಿದ್ದೇನೆ. ಬೋರ್ಡಿನ ಸಾಲು ‘ಡೆವಲಪ್‌ಮೆಂಟಲ್ ಸ್ಕ್ರೀನಿಂಗ್, ಅರ್ಲಿ ಆಟಿಸಂ ಡಿಟೆಕ್ಷನ್’. (ಆಟಿಸಂ ಎಂದರೆ ಮಗು ಮಾತಾಡುವ, ಇತರರೊಡನೆ ಬೆರೆಯುವ, ನಡೆದುಕೊಳ್ಳುವ ರೀತಿ ಬೇರೆಯಾಗಿ ಬೆಳೆಯುವ ಸ್ಥಿತಿ.) ಬರೆಯುವವರು ಶನಿವಾರ ಬರುತ್ತಾರೆ.

ತೊಡಕು ‘ಸ್ಕ್ರೀನಿಂಗ್’ನದು. ಇದು ರೋಗನಿರ್ಣಯವಲ್ಲ, ಯಾವ ಮಗುವನ್ನು ತಜ್ಞರು ನೋಡಬೇಕು ಎಂದು ಮೊದಲು ಗುರುತಿಸುವುದಷ್ಟೇ. ಆಟಿಸಂನ ಸುಳಿವು ಹುಡುಕುವ ಎಂ-ಚಾಟ್-ಆರ್/ಎಫ್ ಪ್ರಶ್ನಾವಳಿ 16ರಿಂದ 30 ತಿಂಗಳ ಮಕ್ಕಳಿಗೆ. 20 ಪ್ರಶ್ನೆ, ಹೆತ್ತವರು ಹೌದು ಅಥವಾ ಇಲ್ಲ ಎನ್ನಬೇಕು. ಸಂಶಯ ಹುಟ್ಟಿಸುವ ಉತ್ತರಕ್ಕೆ ಒಂದೊಂದು ಅಂಕ. ಅಂಕ 0–2 ಇದ್ದರೆ ಸದ್ಯಕ್ಕೆ ಚಿಂತೆಯಿಲ್ಲ, ಆದರೆ ಎರಡು ವರ್ಷ ತುಂಬದ ಮಗುವಾದರೆ ತುಂಬಿದ ಮೇಲೆ ಮತ್ತೊಮ್ಮೆ ಕೇಳಬೇಕು. 3–7 ಬಂದರೆ ಅಂಕ ಬಿದ್ದ ಪ್ರಶ್ನೆಗಳನ್ನಷ್ಟೇ ಹಿಡಿದು ಬಿಡಿಸಿ ಕೇಳುವುದು. ಆಗಲೂ 2 ಅಥವಾ ಹೆಚ್ಚು ಉಳಿದರೆ ತಜ್ಞರ ಬಳಿಗೆ. 8ರಿಂದ ಮೇಲಕ್ಕೆ ನೇರವಾಗಿ ತಜ್ಞರ ಬಳಿಗೇ. ‘ಪರೀಕ್ಷೆ’ ಎಂದರೆ ಪಾಸು-ಫೇಲಿನ ಭಯ. ‘ತಪಾಸಣೆ’ ಎಂದರೆ ಡಾಕ್ಟರು ನೋಡಿಯಾಯಿತು, ಮುಗಿಯಿತು ಎಂಬ ಭಾವನೆ. ಬೇರೆ ಪದ ಇದೆಯೇ?

— ಅನುವಾದಕಿ, ಬಸವನಗುಡಿ

* * *

ಇದೆ: ಜರಡಿ.

ತಮಿಳಿನ ಸಲ್ಲಡೈ, ತೆಲುಗಿನ ಜಲ್ಲೆಡ, ನಮ್ಮ ಜರಡಿ ಒಂದೇ ಬಳಗದವು. ಇಂಗ್ಲಿಷಿನ ‘ಸ್ಕ್ರೀನ್’ಗೂ ಮರಳು, ಕಲ್ಲಿದ್ದಲು ಸೋಸುವ ಜರಡಿ ಎಂಬ ಅರ್ಥವುಂಟು. ‘ತಪಾಸಣೆ’ ಮರಾಠಿಯ ತಪಾಸ್‌ನಿಂದ ಬಂದದ್ದು, ಸುಂಕದ ಕಟ್ಟೆಗೆ ಸರಿ. ‘ಬೆಳವಣಿಗೆ ಜರಡಿ’ ಎಂದು ಬರೆಸಿ. ಆಟಿಸಂಗೆ ಕೆಲವರು ಬರೆಯುವ ‘ಸ್ವಲೀನತೆ’ಯಂತೂ ಹಿಂದಿ ಪಾರಿಭಾಷಿಕದ ನಕಲು, ಅದನ್ನು ಮುಟ್ಟಬೇಡಿ.

— ನಿವೃತ್ತ ಕನ್ನಡ ಅಧ್ಯಾಪಕ, ಮಲ್ಲೇಶ್ವರ

* * *

> ‘ಬೆಳವಣಿಗೆ ಜರಡಿ’ ಎಂದು ಬರೆಸಿ.

ಖಂಡಿತ ಬೇಡ, ಮೇಷ್ಟ್ರೇ. ಜರಡಿ ಎಂದರೆ ಕಾಳು ಒಂದು ಕಡೆ, ಕಸ ಒಂದು ಕಡೆ. ಮಗುವನ್ನು ಎತ್ತಿಕೊಂಡು ಬಂದ ತಾಯಿ ಆ ಬೋರ್ಡು ಓದಬೇಕಲ್ಲವೇ?

‘ಸ್ವಲೀನತೆ’ ಬೇಡ ಎಂಬುದಕ್ಕೆ ನನ್ನ ಕಾರಣ ಬೇರೆ. 1911ರಲ್ಲಿ ಮನೋವೈದ್ಯ ಬ್ಲಾಯ್ಲರ್ ‘ಆಟಿಸಂ’ ಎಂಬ ಪದವನ್ನು ಬಳಸಿದ್ದು ಸ್ಕಿಜೊಫ್ರೇನಿಯ ಎಂಬ ಮನೋರೋಗದ ಒಂದು ಲಕ್ಷಣಕ್ಕೆ. ಮಕ್ಕಳ ಮನೋವೈದ್ಯ ಕ್ಯಾನರ್ ಅದನ್ನು ಮಕ್ಕಳ ವಿಷಯಕ್ಕೆ ತಂದದ್ದು 1943ರಲ್ಲಿ. ಇಂದಿನ ಅರ್ಥ ಗ್ರೀಕಿನ ‘ತಾನು’ ಎಂಬ ಮೂಲವನ್ನು ದಾಟಿ ಬಹಳ ದೂರ ಬಂದಿದೆ. ತನ್ನಲ್ಲೇ ಲೀನ ಎಂದು ಬರೆದರೆ ಅಮ್ಮನ ತೊಡೆ ಬಿಡದ, ಮುದ್ದು ಮಾಡಿಸಿಕೊಳ್ಳುವ ಮಗುವಿಗೆ ಇದು ಇರಲಾರದು ಎಂದುಕೊಳ್ಳುತ್ತಾರೆ. ಖಂಡಿತ ಇರಬಹುದು.

ಕೈಪಿಡಿಗೆ ಬೋರ್ಡಿಗಿಂತ ಹೆಚ್ಚು ಗಮನ ಕೊಡಿ. ಎಂ-ಚಾಟ್‌ನ ಪ್ರಶ್ನೆಗಳನ್ನು ಮನಬಂದಂತೆ ತಿದ್ದುವ ಹಾಗಿಲ್ಲ. ವಿವರಣೆಯಲ್ಲಿ ಮಾತ್ರ ಹೀಗೆ ಮಾಡಿ:

ಬೆರಳು ಮಾಡಿ ತೋರಿಸುವ ಪ್ರಶ್ನೆಗಳು ಎರಡಿವೆ, 6 ಮತ್ತು 7. ಒಂದು ಬೇಕಾದ್ದನ್ನು ಕೇಳಲು, ಇನ್ನೊಂದು ‘ಅಲ್ಲಿ ನೋಡು, ವಿಮಾನ’ ಎಂದು ನಮಗೂ ಕಾಣಿಸಲು. ‘ಕೈ ತೋರಿಸುತ್ತಾನಾ’ ಎಂದು ಬರೆದರೆ ಎರಡೂ ಕೆಟ್ಟವು. ಅಮ್ಮನ ಮಣಿಕಟ್ಟು ಹಿಡಿದು ಬಿಸ್ಕತ್ತಿನ ಡಬ್ಬಿಯ ಹತ್ತಿರ ಎಳೆದೊಯ್ಯುವ ಮಗುವಿಗೂ ‘ಹೌದು’ ಬೀಳುತ್ತದೆ. ‘ಒಂದೇ ಬೆರಳು ಚಾಚಿ’ ಎನ್ನಿ.

ಇಲ್ಲ-ರೂಪದ ಪ್ರಶ್ನೆ ಬೇಡವೇ ಬೇಡ. ‘ತೋರಿಸಲ್ವಾ?’ ಎಂದರೆ ನಮ್ಮವರು ‘ಹೂಂ’ ಎನ್ನುತ್ತಾರೆ, ಅದರ ಅರ್ಥ ತೋರಿಸುವುದಿಲ್ಲ ಎಂದೇ. ಕಾರ್ಯಕರ್ತೆ ‘ಹೌದು’ಗೆ ಗುರುತು ಹಾಕುತ್ತಾರೆ, ಬರಬೇಕಾದ ಅಂಕ ಬರುವುದಿಲ್ಲ, ಮಗು ಕೈತಪ್ಪಿ ಹೋಗುತ್ತದೆ. ಇದರ ಮೇಲೆ 2, 5, 12ನೆಯ ಪ್ರಶ್ನೆಗಳಲ್ಲಿ ಲೆಕ್ಕ ತಿರುವುಮುರುವು, ಅಲ್ಲಿ ‘ಹೌದು’ ಎಂದರೇ ಅಂಕ. ಆ ಮೂರನ್ನು ಬೇರೆ ಬಣ್ಣದಲ್ಲಿ ಅಚ್ಚು ಹಾಕಿಸಿ.

ಹೆಸರು ಹಿಡಿದು ಕರೆಯುವ ಪ್ರಶ್ನೆಗೆ ‘ಓಗೊಡುತ್ತಾನೆಯೇ/ಳೆಯೇ’ ಎನ್ನಿ, ಜೊತೆಗೆ ‘ಮನೆಯಲ್ಲಿ ಕರೆಯುವ ಹೆಸರು’ ಎಂದು ಸೇರಿಸಿ. ಚಿನ್ನು ಎಂದೇ ಬೆಳೆದ ಮಗು ತಾಯಿ ಕಾರ್ಡಿನ ಹೆಸರಿಗೆ ತಿರುಗದಿದ್ದರೆ ಅದು ಲಕ್ಷಣವಲ್ಲ. ಓಗೊಡದ ಮಗುವಿಗೆ ಕಿವಿ ಪರೀಕ್ಷೆಯೂ ಆಗಲೇಬೇಕು.

— ವಾಕ್-ಶ್ರವಣ ಚಿಕಿತ್ಸಕಿ, ಜಯನಗರ

* * *

‘ಬೆಳವಣಿಗೆ’ಯೂ ತಪ್ಪು ದಾರಿ ಹಿಡಿಸುತ್ತದೆ. ಅಂಗನವಾಡಿಯಲ್ಲಿ ಬೆಳವಣಿಗೆ ಎಂದರೆ ತೂಕ, ಎತ್ತರ. ‘ಬೆಳವಣಿಗೆ ತಪಾಸಣೆ’ ಓದಿದ ತಾಯಿ ಮಗುವನ್ನು ತಕ್ಕಡಿಯ ಹತ್ತಿರ ಕರೆದೊಯ್ಯುತ್ತಾಳೆ, ತೂಕ ಸರಿಯಿದೆ ಎಂದು ವಾಪಸು ಹೋಗುತ್ತಾಳೆ. ‘ವಿಕಾಸ’ ಶುದ್ಧವಾಗಿದೆ, ಸ್ಪಷ್ಟವಾಗಿದೆ.

— ಸಂಸ್ಕೃತ ಅಭ್ಯಾಸಿ, ರಾಜಾಜಿನಗರ

* * *

ತಕ್ಕಡಿಯ ಮಾತು ಒಪ್ಪಿದೆ. ‘ವಿಕಾಸ’ ಒಪ್ಪಲಾರೆ. ಆರನೇ ತರಗತಿ ಓದಿದ ತಾಯಿಗೆ ಅದು ಯಾರದೋ ಹೆಸರು. ಎಲ್ಲಕ್ಕೂ ಸಂಸ್ಕೃತದ ಬಾಗಿಲು ತಟ್ಟುವ ಚಾಳಿಯಿಂದಲೇ ನಮ್ಮ ಆಸ್ಪತ್ರೆಯ ಫಲಕಗಳು ಯಾರಿಗೂ ಅರ್ಥವಾಗದೆ ನಿಂತಿವೆ. ಆಮೇಲೆ ಜನ ಇಂಗ್ಲಿಷೇ ಲೇಸು ಎನ್ನುತ್ತಾರೆ.

— ಮಲ್ಲೇಶ್ವರ

* * *

ಇಂಗ್ಲಿಷ್ ಪದ ಬಂದರೆ ಕನ್ನಡ ಸಾಯುತ್ತದೆಯೇ? ‘ಪೋಲಿಯೊ’ವನ್ನು ಯಾರೂ ಕನ್ನಡಕ್ಕೆ ತರಲಿಲ್ಲ. ‘ಪೋಲಿಯೊ ಹನಿ’ ಎಂದರು, ಮನೆಮನೆಗೂ ತಲುಪಿತು. ರೋಗದ ಹೆಸರು ಬಂದ ಹಾಗೇ ಇರಲಿ, ಮಾಡುವ ಕೆಲಸ ಕನ್ನಡದಲ್ಲಿರಲಿ. ‘ಆಟಿಸಂ’ ಉಳಿಸಿಕೊಳ್ಳಿ. ‘ತಪಾಸಣೆ’ಯನ್ನೂ ಅಷ್ಟೇ: 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ವೈದ್ಯರ ತಂಡ ವರ್ಷಕ್ಕೆರಡು ಸಲ ಅಂಗನವಾಡಿಗೆ ಬಂದು ಮಾಡುವುದನ್ನು ತಾಯಂದಿರು ತಪಾಸಣೆ ಎಂದೇ ಕರೆಯುತ್ತಾರೆ. ಮುಗಿಯಿತು ಎಂಬ ಭಾವನೆ ಬರಬಾರದೆಂದರೆ ಹಿಂದೆ ‘ಮೊದಲ’ ಎಂದು ಸೇರಿಸಿ. ಇಷ್ಟು ಸಾಕು.

— ಜಯನಗರ

* * *

ಎಲ್ಲರಿಗೂ ಕೃತಜ್ಞತೆ. ಬೋರ್ಡು ಹೀಗೆ ಹೋಗುತ್ತಿದೆ:

ಮಗುವಿನ ಮಾತು, ಆಟ, ನೋಟ, ನಡೆ – ಮೊದಲ ತಪಾಸಣೆ
ಆಟಿಸಂ ಬೇಗ ಗುರುತಿಸೋಣ

ಕೈಪಿಡಿಯ ಕೊನೆಗೆ ಇನ್ನೊಂದು ಸಾಲು ಸೇರಿಸುತ್ತಿದ್ದೇನೆ: ‘ತಜ್ಞರ ಸರದಿ ಬರುವವರೆಗೆ ಕಾಯಬೇಡಿ, ಮಾತಿನ ತರಬೇತಿ ಈಗಲೇ ಶುರುಮಾಡಿ.’ ಇಲ್ಲಿ ‘ತರಬೇತಿ’ ಸರಿಯೇ, ‘ಚಿಕಿತ್ಸೆ’ಯೇ? ಇಂದು ರಾತ್ರಿಯೊಳಗೆ ತಿಳಿಸಿ.

— ಬಸವನಗುಡಿ

* * *

ತರಬೇತಿ. ಚಿಕಿತ್ಸೆ ಎಂದರೆ ಮಾತ್ರೆ ಕೇಳುತ್ತಾರೆ.

— ಜಯನಗರ

* * *

‘ತರಬೇತಿ’ ಉರ್ದು. ‘ಕಲಿಕೆ’ ಎನ್ನಿ. ‘ಓಗೊಡು’ ಮಾತ್ರ ಯಾವ ಕಾರಣಕ್ಕೂ ತೆಗೆಯಬೇಡಿ.

— ಮಲ್ಲೇಶ್ವರ