ಮುರಿದ ಕಾಲು ಸೊಟ್ಟಗೆ ಕೂಡಿಕೊಂಡಿದೆ, ಈಗ ನೇರ ಮಾಡಿಸಬಹುದಾ?

ನಾಪೋಕ್ಲು ಮಗಳು:
ಹೋದ ವರ್ಷ ಮೆಣಸು ಕೊಯ್ಯುವಾಗ ಸಿಲ್ವರ್ ಓಕ್ ಮರಕ್ಕೆ ಒರಗಿಸಿದ್ದ ಏಣಿ ಜಾರಿ ಅಪ್ಪ ಬಿದ್ದರು. ಬಲಗಾಲಿನಲ್ಲಿ ಮೊಣಕಾಲಿನ ಕೆಳಗಿನ ಎರಡೂ ಮೂಳೆ ಮುರಿದಿತ್ತು. ನಾಟಿ ವೈದ್ಯರೊಬ್ಬರು ಬಿದಿರ ದಬ್ಬೆ ಇಟ್ಟು ಕಟ್ಟಿದರು. ಮೂಳೆ ಕೂಡಿತು, ಆದರೆ ಕಾಲು ಬಿಲ್ಲಿನ ಹಾಗೆ ಹೊರಕ್ಕೆ ಬಾಗಿದೆ. ಬಲಗಡೆ ಚಪ್ಪಲಿಯ ಹೊರ ಅಂಚು ಮಾತ್ರ ಸವೆದು ತೆಳ್ಳಗಾಗಿದೆ. ತೋಟದ ಇಳಿಜಾರಿನಲ್ಲಿ ಇಳಿಯುವಾಗ ಮೊಣಕಾಲಿನ ಒಳಬದಿ ಹಿಡಿದುಕೊಂಡು ನಿಲ್ಲುತ್ತಾರೆ. ನೋವಿದ್ದರೂ ಹೇಳುವವರಲ್ಲ. ನೆಂಟರೆಲ್ಲ ‘ವಯಸ್ಸಾಯ್ತು, ಬಿಡಿ’ ಅಂತಾರೆ. ನನಗೆ ಬಿಡೋಕೆ ಆಗ್ತಿಲ್ಲ.

ಗೋಣಿಕೊಪ್ಪ ಫಿಸಿಯೋ:
ಬಿಡಬೇಡಿ. ಇದು ವಯಸ್ಸಿನ ನೋವು ಮಾತ್ರ ಅಲ್ಲ. ಸೊಂಟದ ಕೀಲಿನ ನಡುವಿನಿಂದ ಪಾದದ ಕೀಲಿನ ನಡುವಿಗೆ ಒಂದು ಗೆರೆ ಎಳೆದರೆ, ಸರಿಯಿರುವ ಕಾಲಿನಲ್ಲಿ ಅದು ಮೊಣಕಾಲಿನ ನಡುಭಾಗದ ಹತ್ತಿರವೇ ಹಾದುಹೋಗುತ್ತದೆ. ನಿಮ್ಮ ತಂದೆಯವರಿಗೆ ಆ ಗೆರೆ ಒಳಬದಿಗೆ ಸರಿದಿರಬೇಕು. ಭಾರ ಅಲ್ಲೇ ಜಾಸ್ತಿ ಬೀಳುತ್ತದೆ, ಕಾರ್ಟಿಲೇಜ್, ಅಂದರೆ ಕೀಲಿನ ಮೂಳೆ ತುದಿಗಳ ಮೇಲಿನ ನುಣುಪಾದ ಪದರ, ಅಲ್ಲೇ ಬೇಗ ಸವೆಯುತ್ತದೆ.

ಚಿಕ್ಕ ಮಕ್ಕಳಲ್ಲಿ ಇಂಥ ಬಾಗು ಬೆಳೆಯುತ್ತಾ ಎಷ್ಟೋ ತಾನೇ ಸರಿಹೋಗುತ್ತದೆ. ದೊಡ್ಡವರಲ್ಲಿ ಹಾಗಾಗಲ್ಲ. ಎಣ್ಣೆ ತಿಕ್ಕಿದರೂ ಮೂಳೆ ನೇರವಾಗಲ್ಲ, ನನ್ನ ವ್ಯಾಯಾಮದಿಂದಲೂ ಆಗಲ್ಲ. ಮೂಳೆ ಡಾಕ್ಟರ ಹತ್ತಿರ ಹೋಗಿ, ನಿಲ್ಲಿಸಿ ತೆಗೆಯುವ ಉದ್ದ ಎಕ್ಸ್‌ರೇ ಕೇಳಿ. ಸೊಂಟದಿಂದ ಪಾದದವರೆಗೆ ಎರಡೂ ಕಾಲು ಅದರಲ್ಲಿ ಬರಬೇಕು. ಮಲಗಿಸಿ ತೆಗೆದ ಚಿಕ್ಕ ಎಕ್ಸ್‌ರೇಯಲ್ಲಿ ಈ ಗೆರೆ ಸಿಗಲ್ಲ.

ಹೀಗೆ ಕೂಡಿದ ಕಾಲು ಗಿಡ್ಡವೂ ಆಗಿರಬಹುದು, ಅಷ್ಟರಲ್ಲಿ ಅದನ್ನು ಮನೆಯಲ್ಲೇ ನೋಡಿ. ಅವರನ್ನು ನೇರ ನಿಲ್ಲಿಸಿ, ಗಿಡ್ಡ ಕಾಲಿನ ಕೆಳಗೆ ತೆಳು ಹಲಗೆ ಒಂದೊಂದೇ ಇಡುತ್ತಾ ಹೋಗಿ. ಸೊಂಟದ ಎರಡೂ ಬದಿಯ ಮೂಳೆ ಸಮ ಆದಾಗ ಹಲಗೆಯ ದಪ್ಪ ಅಳೆಯಿರಿ. 2 ಸೆಂ.ಮೀ. ಒಳಗಿದ್ದರೆ ಸಾಮಾನ್ಯವಾಗಿ ಚಪ್ಪಲಿಯ ಅಡಿ ಎತ್ತರಿಸಿದರೆ ಸಾಕು. ಉದ್ದ ಸರಿಹೋಗುತ್ತದೆ, ಬಾಗು ಹಾಗೇ ಇರುತ್ತದೆ, ಅದು ನೆನಪಿರಲಿ. ಆ ಕಾಲಿನ ಹೆಬ್ಬೆರಳು ಮೇಲಕ್ಕೆತ್ತಲು ಬರುತ್ತದಾ? ಹಿಮ್ಮಡಿ ಪೂರ್ತಿ ನೆಲಕ್ಕೆ ತಾಗುತ್ತದಾ? ಬೆರಳು ಏಳದಿದ್ದರೆ ನರಕ್ಕೆ ಪೆಟ್ಟಾಗಿರಬಹುದು, ತಡ ಮಾಡಬೇಡಿ.

ಸೋಮವಾರಪೇಟೆಯವನು:
ಬೈಕಿನಿಂದ ಬಿದ್ದ ಮೇಲೆ ನನ್ನ ಕಾಲೂ ಹೀಗೇ ಕೂಡಿತ್ತು, ಗಿಡ್ಡವೂ ಆಗಿತ್ತು. ಮೂಳೆಯನ್ನು ಮತ್ತೆ ಕತ್ತರಿಸಿ ಇಲಿಜರೋವ್ ರಿಂಗ್ ಹಾಕಿದರು, ಅಂದರೆ ಕಾಲಿನ ಸುತ್ತ ಹೊರಗೆ ಬಳೆಗಳನ್ನು ಕೂರಿಸಿ ಕಂಬಿಗಳಿಂದ ಮೂಳೆಗೆ ಬಿಗಿಯುವ ಚೌಕಟ್ಟು. ನಟ್ಟನ್ನು ದಿನಕ್ಕೆ ನಾಲ್ಕು ಸಲ ತಿರುಗಿಸಬೇಕು, ಒಂದು ಸಲಕ್ಕೆ ಕಾಲು ಮಿಲಿಮೀಟರ್. ದಿನಕ್ಕೆ ಒಂದು ಮಿಲಿಮೀಟರ್ ಮೂಳೆ ಉದ್ದವಾಗುತ್ತದೆ. ಎಲ್ಲರಿಗೂ ರಿಂಗೇ ಬೇಕಂತಿಲ್ಲ, ಕೆಲವರಿಗೆ ಒಳಗೆ ಪ್ಲೇಟ್ ಹಾಕುತ್ತಾರೆ.

ಒಂದು ಮಾತು. ಕಂಬಿ ಚರ್ಮದೊಳಗೆ ಹೋಗುವ ಜಾಗವನ್ನು ಒಣಗಿಸಿ, ಚೊಕ್ಕಟವಾಗಿ ಇಟ್ಟುಕೊಳ್ಳಬೇಕು. ನಮ್ಮ ಆಷಾಢದ ಮಳೆಯಲ್ಲಿ ಟವೆಲ್ ಕೂಡ ಒಣಗಲ್ಲ, ಅಲ್ವಾ? ಡಾಕ್ಟರು ಒಪ್ಪಿದರೆ ಆಪರೇಷನ್ ಮಳೆಗಾಲ ಕಳೆದ ಮೇಲೆ ಇಟ್ಟುಕೊಳ್ಳಿ. ಬೀಡಿ ಸೇದುತ್ತಿದ್ದರೆ ಈಗಲೇ ನಿಲ್ಲಿಸಲಿ, ಸೇದುವವರ ಮೂಳೆ ಕೂಡೋದು ನಿಧಾನ.

ನಾಪೋಕ್ಲು ಮಗಳು:
ಹಲಗೆ ಇಟ್ಟು ನೋಡಿದೆವು, ಒಂದೂವರೆ ಸೆಂ.ಮೀ. ಬಂತು. ಬೆರಳು ಚೆನ್ನಾಗಿ ಎತ್ತುತ್ತಾರೆ, ಹಿಮ್ಮಡಿಯೂ ತಾಗುತ್ತದೆ. ಡಾಕ್ಟರನ್ನು ನೋಡುವವರೆಗೆ ತೋಟಕ್ಕೆ ಇಳಿಯಬಹುದಾ? ಮನೆಯಲ್ಲಿ ಕೂರುವವರಲ್ಲ.

ಗೋಣಿಕೊಪ್ಪ ಫಿಸಿಯೋ:
ನಿಧಾನವಾಗಿ ಇಳಿಯಲಿ. ಕೋಲು ಎಡಗೈಯಲ್ಲಿರಲಿ, ಅಂದರೆ ನೋವಿಲ್ಲದ ಕಡೆ. ಇಳಿಯುವಾಗ ಕೋಲು ಮತ್ತು ಬಲಗಾಲು ಮೊದಲು, ಹತ್ತುವಾಗ ಎಡಗಾಲು ಮೊದಲು. ಏಣಿ ಮಾತ್ರ ಬೇಡವೇ ಬೇಡ, ಈ ಸಲದ ಮೆಣಸು ಬೇರೆಯವರು ಕೊಯ್ಯಲಿ.