ವ್ಯಾಲಿಡೇಟರ್‌ನಲ್ಲಿ 63 ತಪ್ಪು, ಆದರೂ ಸೈಟ್ ಓಡ್ತಿದೆ. ಸರಿ ಮಾಡಲೇಬೇಕಾ?

ಮಿಡಿಮಾವು:
ಚಿಕ್ಕಮ್ಮನ ಉಪ್ಪಿನಕಾಯಿ ಮಾರಾಟಕ್ಕೆ ನಾನೇ ಒಂದು ಸೈಟ್ ಮಾಡಿಕೊಟ್ಟಿದ್ದೇನೆ. ಎಲ್ಲೋ ಸಿಕ್ಕ ಹಳೇ ಟೆಂಪ್ಲೇಟ್, ಅಲ್ಲಿ ಇಲ್ಲಿ ತಿದ್ದಿದ್ದು. ನಿನ್ನೆ ಸುಮ್ನೆ ಡಬ್ಲ್ಯು3ಸಿ ವ್ಯಾಲಿಡೇಟರ್‌ಗೆ (ಪುಟದ ಕೋಡ್‌ನಲ್ಲಿ ತಪ್ಪು ಹುಡುಕಿಕೊಡುವ ತಾಣ) ಹಾಕಿ ನೋಡಿದರೆ 63 ತಪ್ಪು! "ಬ್ರೌಸರ್ ಎಲ್ಲ ಸಹಿಸಿಕೊಳ್ಳುತ್ತೆ, ತಲೆ ಕೆಡಿಸ್ಕೋಬೇಡ" ಅಂತಾನೆ ಗೆಳೆಯ. ಆದರೆ ಮೂರು ಕಾಟ ಇವೆ. ಬೆಲೆಪಟ್ಟಿಯ ಟೇಬಲ್‌ನಲ್ಲಿ ಮಾತ್ರ ಅಕ್ಷರ ದೊಡ್ಡದು. ಕೆಲವರ ಫೋನಿನಲ್ಲಿ ಕನ್ನಡದ ಬದಲು ಏನೇನೋ ಬರುತ್ತದೆ. ನಿಂಬೆ ಕೇಳಿದವರ ಆರ್ಡರ್ ಒಮ್ಮೊಮ್ಮೆ ಮಿಡಿ ಅಂತ ಬಂದಿರುತ್ತದೆ. ಗಿರಾಕಿಗಳೇ ತಪ್ಪು ಒತ್ತುತ್ತಾರೆ ಅನ್ನೋದು ಚಿಕ್ಕಮ್ಮನ ವಾದ. ಇದಕ್ಕೂ ಆ 63ಕ್ಕೂ ಸಂಬಂಧ ಇದೆಯಾ?

ಹಳೇಟ್ಯಾಗು:
ಏನೇನೋ ಅಂದರೆ, ಇಂಗ್ಲಿಷ್ ಎ ಮೇಲೊಂದು ಓರೆ ಗೀಟು, ಪಕ್ಕದಲ್ಲಿ ಪುಟ್ಟ 2 ಅಥವಾ 3, ಇದೇ ಮತ್ತೆ ಮತ್ತೆ ಬರುತ್ತಾ? ಹಾಗಿದ್ದರೆ ಅದು ಕನ್ನಡವೇ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಪದ್ಧತಿ ಯುಟಿಎಫ್-8. ಅದರಲ್ಲಿ ಒಂದೊಂದು ಕನ್ನಡ ಅಕ್ಷರಕ್ಕೆ, ಕಾಗುಣಿತದ ಗುರುತಿಗೆ 3 ಬೈಟ್ ಬೇಕು. ಬ್ರೌಸರ್ ಅದನ್ನು ಇಂಗ್ಲಿಷ್ ಫೈಲ್ ಅಂದುಕೊಂಡು ಬೈಟಿಗೊಂದು ಅಕ್ಷರದಂತೆ ಓದುತ್ತಿದೆ.

ಕಂಪ್ಯೂಟರ್‌ನ ಬ್ರೌಸರ್‌ನಲ್ಲಿ ಎಫ್12 ಒತ್ತಿ, ಕನ್ಸೋಲ್‌ನಲ್ಲಿ ಡಾಕ್ಯುಮೆಂಟ್ ಡಾಟ್ ಕಂಪ್ಯಾಟ್‌ಮೋಡ್ ಅಂತ ಹಾಕಿ. ಬ್ರೌಸರ್ ಪುಟವನ್ನು ಯಾವ ರೀತಿಯಲ್ಲಿ ಓದುತ್ತಿದೆ ಅಂತ ಅದು ಹೇಳುತ್ತದೆ. ಏನು ಬಂತು ಹೇಳಿ. ಫೈಲಿನ ಮೊದಲ ಕೆಲವು ಸಾಲಲ್ಲಿ ಏನಿದೆ ಅಂತಲೂ ತಿಳಿಸಿ.

ಮಿಡಿಮಾವು:
ಹೌದು, ಅದೇ ಗೀಟಿನ ಎ! ಕನ್ಸೋಲ್ 'ಬ್ಯಾಕ್‌ಕಂಪ್ಯಾಟ್' ಅಂತು. ಹೆಡ್ ಶುರುವಿಗೇ ಚಿಕ್ಕಮ್ಮನ ಮನೆ, ತೋಟದ ಬಗ್ಗೆ ನಾನು ಬರೆದ ಉದ್ದದ ಕಾಮೆಂಟ್ (ಪುಟದಲ್ಲಿ ಕಾಣಿಸದ ಟಿಪ್ಪಣಿ) ಇದೆ. ಅದರ ಕೆಳಗೆ ಅಕ್ಷರಗಳನ್ನು ಯಾವ ಪದ್ಧತಿಯಲ್ಲಿ ಓದಬೇಕು ಅಂತ ಹೇಳುವ ಚಾರ್‌ಸೆಟ್ ಸಾಲು.

ಹಳೇಟ್ಯಾಗು:
ಸಿಕ್ತು. ಚಾರ್‌ಸೆಟ್ ಸಾಲು ಮೊದಲ 1024 ಬೈಟ್‌ಗಳ ಒಳಗೆ ಇರಬೇಕು ಅನ್ನೋದು ನಿಯಮ. ಕನ್ನಡದ ಕಾಮೆಂಟ್ 350 ಅಕ್ಷರ ದಾಟಿದರೆ ಅಷ್ಟೂ ಮುಗಿಯಿತು. ಆಮೇಲೆ ಬಂದರೆ ಬ್ರೌಸರ್ ಹಿಡಿಯಲೂಬಹುದು, ಬಿಡಲೂಬಹುದು. ಆ ಸಾಲನ್ನು ಹೆಡ್‌ನ ಮೊದಲಿಗೆ ತನ್ನಿ.

ಇನ್ನು ಬ್ಯಾಕ್‌ಕಂಪ್ಯಾಟ್ ಅಂದರೆ ನಿಮ್ಮ ಪುಟದ ಮೊದಲಲ್ಲಿ ಅದು ಯಾವ ಬಗೆಯ ಪುಟ ಅಂತ ಹೇಳುವ ಡಾಕ್‌ಟೈಪ್ ಸಾಲು ಇಲ್ಲ, ಇಲ್ಲವೇ ತೀರಾ ಹಳೆಯದು ಇದೆ. ಆಗ ಬ್ರೌಸರ್ ಇದನ್ನು 90ರ ದಶಕದ ಪುಟ ಅಂದುಕೊಂಡು ಕ್ವರ್ಕ್ಸ್ ಮೋಡ್‌ಗೆ ಇಳಿಯುತ್ತದೆ. 2000ದಲ್ಲಿ ಮ್ಯಾಕ್‌ನ ಇಂಟರ್ನೆಟ್ ಎಕ್ಸ್‌ಪ್ಲೋರರ್ 5 ಶುರು ಮಾಡಿದ ಪದ್ಧತಿ ಇದು. ಆ ಮೋಡ್‌ನಲ್ಲಿ ಬಾಡಿ ಟ್ಯಾಗ್‌ಗೆ, ಅಂದರೆ ಇಡೀ ಪುಟಕ್ಕೆ, ಕೊಟ್ಟ ಅಕ್ಷರದ ಅಳತೆ ಟೇಬಲ್‌ಗೆ ಇಳಿಯಲ್ಲ. ನಿಮ್ಮ ಬೆಲೆಪಟ್ಟಿಯ ಕಥೆ ಇದೇ.

ನಿಮ್ಮ ಗೆಳೆಯ ಹೇಳಿದ್ದು ಅರ್ಧ ಸರಿ. ತಪ್ಪು ಕೋಡ್ ಸಿಕ್ಕರೆ ಹೇಗೆ ಓದಬೇಕು ಅಂತ ಎಚ್‌ಟಿಎಂಎಲ್ ನಿಯಮದಲ್ಲೇ ಬರೆದಿದೆ. ಆದರೆ ಬ್ರೌಸರ್ ಓದಿಕೊಂಡದ್ದು ನೀವು ಅಂದುಕೊಂಡದ್ದೇ ಆಗಿರಬೇಕಲ್ವಾ?

ಮಿಡಿಮಾವು:
ಎರಡೂ ಸರಿಯಾಯ್ತು! ಆದರೆ ಡಾಕ್‌ಟೈಪ್ ಹಾಕಿದ ಮೇಲೆ ಟೇಬಲ್‌ನಲ್ಲಿ ಪ್ರತಿ ಬಾಟಲಿ ಫೋಟೊ ಕೆಳಗೆ ಸಣ್ಣ ಸಂದು ಬಿಟ್ಟಿದೆ. ಮೊದಲು ಇರಲಿಲ್ಲ.

ಹಳೇಟ್ಯಾಗು:
ಹಾಗೇ ಆಗಬೇಕು. ಫೋಟೊ ಈಗ ಅಕ್ಷರದ ಹಾಗೆ ಸಾಲಿನ ಮೇಲೆ ಕೂತಿದೆ, ಕೆಳಗೆ ಒತ್ತಕ್ಷರಕ್ಕೆ ಬಿಡುವಂಥ ಜಾಗ ಉಳಿದಿದೆ. ಸಿಎಸ್ಎಸ್‌ನಲ್ಲಿ (ಪುಟದ ರೂಪ ಹೇಳುವ ಕೋಡ್) ಫೋಟೊಗೆ ಡಿಸ್‌ಪ್ಲೇ ಬ್ಲಾಕ್ ಕೊಡಿ, ಸಂದು ಹೋಗುತ್ತದೆ.

ಕಿವಿಗಣ್ಣು:
ನಾನು ಪುಟವನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಬಳಸುವವನು. ಆ 63ರಲ್ಲಿ ಫೋಟೊಗಳಿಗೆ ಆಲ್ಟ್ (ಫೋಟೊದಲ್ಲಿ ಏನಿದೆ ಅಂತ ಹೇಳುವ ಬರಹ) ಇಲ್ಲ ಅಂತಲೂ ಇರಬೇಕು, ನೋಡಿ. ಆಲ್ಟ್ ಇಲ್ಲದಿದ್ದರೆ ಎಷ್ಟೋ ಸಲ ನನಗೆ ಕೇಳಿಸುವುದು ಫೋಟೊದ ಫೈಲ್ ಹೆಸರು. ಟೆಂಪ್ಲೇಟ್‌ನಲ್ಲಿ ಭಾಷೆ ಇಂಗ್ಲಿಷ್ ಅಂತ ಉಳಿದಿದ್ದರೆ ಅದನ್ನೂ ಕನ್ನಡಕ್ಕೆ ಬದಲಿಸಿ. ಇಂಗ್ಲಿಷ್ ದನಿಯಲ್ಲಿ ಕನ್ನಡ ಕೇಳುವ ಕಷ್ಟ ಶತ್ರುವಿಗೂ ಬೇಡ.

ಹಳೇಟ್ಯಾಗು:
ಒಳ್ಳೆ ಮಾತು. ಮಿಡಿಮಾವು ಅವರೇ, ತಪ್ಪುಗಳ ಪಟ್ಟಿಯಲ್ಲಿ 'ಡೂಪ್ಲಿಕೇಟ್ ಐಡಿ' (ಒಬ್ಬರಿಗೇ ಇರಬೇಕಾದ ಗುರುತಿನ ಹೆಸರು ಹಲವು ಕಡೆ ಇರುವುದು) ಅಂತ ಎಲ್ಲಾದರೂ ಇದೆಯಾ?

ಮಿಡಿಮಾವು:
ಐದು ಸಲ ಇದೆ. ಒಂದು ಉಪ್ಪಿನಕಾಯಿಯ ಸಾಲು ಬರೆದು ಉಳಿದದ್ದಕ್ಕೆ ಕಾಪಿ ಹೊಡೆದಿದ್ದೆ. ಹೆಸರು ಬದಲಿಸಿದೆ, ಐಡಿ ಹಾಗೇ ಬಿಟ್ಟೆ.

ಹಳೇಟ್ಯಾಗು:
ನಿಮ್ಮ ನಿಂಬೆ ಮಿಡಿಯಾದದ್ದು ಅಲ್ಲೇ. ಫೋನಿನಲ್ಲಿ ಟಿಕ್ ಹಾಕುವ ಆ ಪುಟ್ಟ ಚೌಕವನ್ನು ಎಷ್ಟೋ ಜನ ಒತ್ತಲ್ಲ, ಪಕ್ಕದ ಹೆಸರನ್ನೇ ಒತ್ತುತ್ತಾರೆ. ಒತ್ತಿದ ಹೆಸರು ತನ್ನ ಚೌಕದ ಐಡಿ ಹುಡುಕಿಕೊಂಡು ಹೋಗುತ್ತದೆ. ಒಂದೇ ಐಡಿ ಆರು ಕಡೆ ಇದ್ದರೆ ಮೊದಲು ಸಿಕ್ಕಿದ್ದಕ್ಕೆ ಟಿಕ್ ಬೀಳುತ್ತದೆ. ನಿಮ್ಮ ಪಟ್ಟಿಯಲ್ಲಿ ಮೊದಲು ಇರುವುದು ಮಿಡಿ ತಾನೇ?

ಮಿಡಿಮಾವು:
ಮಿಡಿಯೇ! ಐಡಿ ಬೇರೆ ಬೇರೆ ಮಾಡಿ ಮೂರು ಫೋನಿನಲ್ಲಿ ಒತ್ತಿ ನೋಡಿದೆ, ಸರಿಯಾಗಿದೆ. ಮುಚ್ಚದೆ ಬಿಟ್ಟ ಒಂದು ಡಿವ್ (ಪುಟದ ಒಂದು ಭಾಗವನ್ನು ಸುತ್ತುವ ಟ್ಯಾಗ್) ಮುಚ್ಚಿದ್ದಕ್ಕೇ ಹತ್ತಾರು ತಪ್ಪು ಒಟ್ಟಿಗೆ ಹೋದವು. ಈಗ 19 ಉಳಿದಿವೆ, ಎಲ್ಲ ಫಾಂಟ್, ಸೆಂಟರ್ ಟ್ಯಾಗ್.

ಹಳೇಟ್ಯಾಗು:
ಅವು ಹಳೇ ಟ್ಯಾಗು, ನನ್ನ ನೆಂಟರು. ಬ್ರೌಸರ್‌ಗಳು ಇನ್ನೂ ಓದುತ್ತವೆ. ಪುರುಸೊತ್ತಾದಾಗ ಸಿಎಸ್ಎಸ್‌ಗೆ ಬದಲಿಸಿದರಾಯ್ತು.

ಮಿಡಿಮಾವು:
ಥ್ಯಾಂಕ್ಸ್ ಸರ್. ಚಿಕ್ಕಮ್ಮನಿಗೆ ವಿಷಯ ಹೇಳಿದೆ. "ಅಯ್ಯೋ, ಹಾಗಾದ್ರೆ ಅವರಿಗೆಲ್ಲ ಒಂದೊಂದು ಬಾಟ್ಲಿ ನಿಂಬೆ ಕಳಿಸ್ಬೇಕು, ಕೊರಿಯರ್ ದುಡ್ಡು ನಿಂದು" ಅಂದರು.