ಡೀಸೆಲ್ ಫಿಲ್ಟರ್ ಬದಲಿಸಿದ ಮೇಲೆ ಮೋಟರ್‌ಹೋಮ್ ಒಂದು ನಿಮಿಷ ಓಡಿ ನಿಂತುಹೋಗುತ್ತೆ, ಸೋರಿಕೆ ಎಲ್ಲೂ ಇಲ್ಲ

ಗಾಲಿಮನೆ

ನನ್ನದು ಡೀಸೆಲ್ ಮೋಟರ್‌ಹೋಮ್, ಅಂದ್ರೆ ಒಳಗೇ ವಾಸ ಮಾಡೋ ಗಾಡಿ, ಎಂಜಿನ್ ಹಿಂಭಾಗದಲ್ಲಿದೆ. ಆರು ಸಿಲಿಂಡರ್, ಕಾಮನ್ ರೈಲ್ (ಹೈ ಪ್ರೆಶರ್ ಪಂಪ್ ಒಂದೇ ಪೈಪಿಗೆ ಡೀಸೆಲ್ ತುಂಬುತ್ತೆ, ಎಲ್ಲಾ ಇಂಜೆಕ್ಟರಿಗೂ ಅಲ್ಲಿಂದಲೇ). ಟ್ಯಾಂಕ್ ಮುಂದಿನ ಚಕ್ರಗಳ ಹತ್ತಿರ, ಹಾಗಾಗಿ ಡೀಸೆಲ್ ಪೈಪ್ ಹೆಚ್ಚುಕಮ್ಮಿ ಇಡೀ ಗಾಡಿಯಷ್ಟು ಉದ್ದ. ಎರಡು ಫಿಲ್ಟರ್ ಇವೆ: ಚಾಸಿಸ್ ಮೇಲೆ ಕೆಳಗೆ ನೀರಿನ ಬಟ್ಟಲಿರುವ ಪ್ರೈಮರಿ, ಎಂಜಿನ್ ಮೇಲೆ ಸೆಕೆಂಡರಿ. ಎರಡನ್ನೂ ಬದಲಿಸಿದೆ.

ಆವಾಗಿನಿಂದ ಶುರು. ಕೀ ಆನ್ ಮಾಡಿದ್ರೆ ಟ್ಯಾಂಕಿನಿಂದ ಡೀಸೆಲ್ ಎಳೆಯೋ ಲಿಫ್ಟ್ ಪಂಪ್ ಗುಂಯ್ ಅನ್ನುತ್ತೆ. ಎಂಜಿನ್ ಸ್ಟಾರ್ಟ್ ಆಗುತ್ತೆ, ಒಂದು ನಿಮಿಷ ಚೆನ್ನಾಗೇ ಓಡುತ್ತೆ, ಆಮೇಲೆ ಏರಿಳಿತ ಶುರುವಾಗಿ ನಿಲ್ಲುತ್ತೆ. ಮತ್ತೆ ಎಷ್ಟು ತಿರುಗಿಸಿದ್ರೂ ಹತ್ತಲ್ಲ. ಹಳೇ ರಬ್ಬರ್ ರಿಂಗ್ ಫಿಲ್ಟರ್ ಕೂರೋ ಹೆಡ್‌ಗೆ ಅಂಟಿಕೊಂಡಿಲ್ಲ, ಎರಡೂ ಹಳೇ ಫಿಲ್ಟರ್ ಜೊತೆಗೇ ಬಂದಿವೆ. ಬಟ್ಟಲಿನ ಓ-ರಿಂಗ್ ಹೊಸದು ಹಾಕಿದೀನಿ. ಗಾಡಿ ಕೆಳಗೆ ರಟ್ಟು ಹಾಸಿ ರಾತ್ರಿಯಿಡೀ ಬಿಟ್ಟೆ, ಒಂದು ಹನಿ ಬಿದ್ದಿಲ್ಲ.

ಹೊಸ ಫಿಲ್ಟರೇ ಸರಿ ಇಲ್ವಾ? ಇಂಜೆಕ್ಟರ್ ಪೈಪ್ ನಟ್ ಸಡಿಲ ಮಾಡಿ ಗಾಳಿ ತೆಗೀಬಹುದಾ?

ಹಳೇಸ್ಪ್ಯಾನರ್

ಕೊನೇ ಪ್ರಶ್ನೆಗೆ ಮೊದಲು ಉತ್ತರ: ಮುಟ್ಟಬೇಡಿ. ನಟ್ ಸಡಿಲಿಸಿ ಗಾಳಿ ತೆಗೆಯೋದು ಹಳೇ ಮೆಕ್ಯಾನಿಕಲ್ ಪಂಪಿನ ಕಾಲದ ವಿದ್ಯೆ. ಕಾಮನ್ ರೈಲಿನಲ್ಲಿ ಆ ಪೈಪಿನೊಳಗೆ 1000 ಬಾರ್‌ಗೂ ಮೀರಿದ ಒತ್ತಡ ಇರಬಹುದು. ಅದು ಸಣ್ಣ ಸಂದಿಯಿಂದ ಚಿಮ್ಮಿದ್ರೆ ಚರ್ಮ ತೂತು ಮಾಡಿಕೊಂಡು ಒಳಗೆ ಹೋಗುತ್ತೆ. ಹೊರಗಿಂದ ನೋಡಿದ್ರೆ ಸೂಜಿ ಚುಚ್ಚಿದಷ್ಟು ಗಾಯ, ಆದ್ರೆ ಅದು ತಕ್ಷಣ ಶಸ್ತ್ರಚಿಕಿತ್ಸೆ ಬೇಕಾಗುವ ಗಾಯ. ಬಟ್ಟೆ ಕಟ್ಟಿಕೊಂಡು ಕೂರುವಂಥದ್ದಲ್ಲ. ಅದೂ ಅಲ್ಲದೆ ನಿಮಗೆ ಅದರ ಅಗತ್ಯವೇ ಇಲ್ಲ. ಲೋ ಪ್ರೆಶರ್ ಕಡೆ ಡೀಸೆಲ್ ತುಂಬಿ ಬಂದ್ರೆ ರೈಲಿನ ಗಾಳಿ ರಿಟರ್ನ್ ಪೈಪಲ್ಲಿ ತಾನಾಗೇ ಹೋಗುತ್ತೆ.

ಸ್ಟಾರ್ಟರ್ ಕೂಡ ಉಳಿಸಿಕೊಳ್ಳಿ. ಒಂದು ಸಲಕ್ಕೆ 30 ಸೆಕೆಂಡ್ ಮೀರಬೇಡಿ, ಆಮೇಲೆ 2 ನಿಮಿಷ ತಣ್ಣಗಾಗಲಿ.

ಈಗ ನನ್ನ ಪ್ರಶ್ನೆಗಳು. ಗಾಡಿ ನಿಂತಿರೋ ಜಾಗದಲ್ಲಿ ಮೂತಿ ಕೆಳಗಾ, ಹಿಂಭಾಗ ಕೆಳಗಾ? ಜನರೇಟರ್ ಇದೆಯಾ, ಅದು ಓಡ್ತಾ ಇದೆಯಾ? ಹೊಸ ಫಿಲ್ಟರಿಗೆ ಡೀಸೆಲ್ ತುಂಬಿದ್ರಾ, ತುಂಬಿದ್ರೆ ಯಾವ ತೂತಿನಿಂದ?

ಗುಂಡಿಗೆಗಟ್ಟಿ

ಇಷ್ಟೆಲ್ಲ ತಲೆ ಕೆಡಿಸ್ಕೋಬೇಡಿ ಗುರೂ. ಏರ್ ಇನ್‌ಟೇಕಿಗೆ ಸ್ಟಾರ್ಟಿಂಗ್ ಸ್ಪ್ರೇ ಹೊಡೀರಿ, ಹೊತ್ಕೊಂಡ್ ಬಿಡುತ್ತೆ. ಆಗ್ಲಿಲ್ಲ ಅಂದ್ರೆ ಟ್ಯಾಂಕಿನ ಬಾಯಿಗೆ ಬಟ್ಟೆ ಸುತ್ತಿ ಕಂಪ್ರೆಸರ್ ಗಾಳಿ ಬಿಡಿ, ಡೀಸೆಲ್ ತಾನೇ ಹಿಂದಕ್ಕೆ ಓಡಿ ಬರುತ್ತೆ.

ಹಳೇಸ್ಪ್ಯಾನರ್

"ಹೊತ್ಕೊಂಡ್ ಬಿಡುತ್ತೆ" ಅನ್ನೋದು ಮಾತ್ರ ನಿಜ. ಈ ಎಂಜಿನ್‌ಗಳಲ್ಲಿ ಇನ್‌ಟೇಕಿನಲ್ಲೇ ಗಾಳಿ ಬಿಸಿ ಮಾಡೋ ಗ್ರಿಡ್ ಹೀಟರ್ ಕೆಂಪಗೆ ಕಾದು ಕೂತಿರುತ್ತೆ, ಇಲ್ಲಾಂದ್ರೆ ಸಿಲಿಂಡರಿನಲ್ಲಿ ಗ್ಲೋ ಪ್ಲಗ್. ಅದರ ಮೇಲೆ ಆ ಸ್ಪ್ರೇಯಲ್ಲಿರೋ ಈಥರ್ ಹೊಡೆದ್ರೆ ಇನ್‌ಟೇಕ್ ಮ್ಯಾನಿಫೋಲ್ಡೇ ಸಿಡೀಬಹುದು.

ಟ್ಯಾಂಕಿಗೆ ಗಾಳಿ ಬಿಡೋ ವಿಷಯ. 0.3 ಬಾರ್ ಅಂದ್ರೆ ಏನೂ ಅಲ್ಲ ಅನ್ಸುತ್ತೆ. ಟ್ಯಾಂಕಿನ ಒಂದು ಮುಖ 1 ಮೀಟರ್ ಉದ್ದ, ಅರ್ಧ ಮೀಟರ್ ಅಗಲ ಇದೆ ಅಂದ್ಕೊಳ್ಳಿ. ಅಷ್ಟೇ ಒತ್ತಡಕ್ಕೆ ಆ ತಗಡಿನ ಮೇಲೆ ಬೀಳೋ ಭಾರ ಸುಮಾರು 1500 ಕೆಜಿ. ಆ ತಗಡನ್ನ ಅದಕ್ಕಂತ ಮಾಡಿರಲ್ಲ. ಡೀಸೆಲ್ ಎಳೀಬೇಕಂದ್ರೆ ಡೀಸೆಲ್ ತಡೆಯೋ ಕೈ ಬಲ್ಬ್ ಸಿಗುತ್ತೆ, ದೋಣಿ ಎಂಜಿನ್‌ಗಳಲ್ಲಿ ಇರುತ್ತಲ್ಲ ಅಂಥದ್ದು. ಪೈಪಿನ ನಡುವೆ ಸೇರಿಸಿ ಹಿಸುಕಿದ್ರೆ ಸಾಕು.

ಗಾಲಿಮನೆ

ಮೂತಿ ಕೆಳಗಿದೆ, ಇಳಿಜಾರು ಸ್ವಲ್ಪವೇ. ಜನರೇಟರ್ ಅದೇ ಟ್ಯಾಂಕಿನ ಡೀಸೆಲ್‌ನಲ್ಲಿ ಗಂಟೆಗಟ್ಟಲೆ ಓಡುತ್ತೆ, ಏನೂ ತೊಂದರೆ ಇಲ್ಲ. ಫಿಲ್ಟರ್ ಎರಡನ್ನೂ ಖಾಲಿಯಾಗೇ ಹಾಕಿದೆ. ಪೆಟ್ಟಿಗೆ ಮೇಲೆ ಹಾಗೇ ಬರೆದಿತ್ತು.

ಎರಡುಮೈಕ್ರಾನ್

ಖಾಲಿ ಹಾಕಿದ್ದು ಸರಿ. ಇದರ ಬಗ್ಗೆ ಎಲ್ಲಾ ಕಡೆ ಜಗಳ ನಡೆಯುತ್ತೆ, ಆದ್ರೆ ವಿಷಯ ಸರಳ. ಸ್ಪಿನ್-ಆನ್ (ತಿರುಗಿಸಿ ಕೂರಿಸೋ) ಫಿಲ್ಟರಿನ ಸುತ್ತಲಿನ ಸಣ್ಣ ತೂತುಗಳು ಕೊಳೆ ಕಡೆ, ಮಧ್ಯದ ದೊಡ್ಡ ತೂತು ಶುದ್ಧ ಕಡೆ. ಮಧ್ಯದಲ್ಲಿ ಕ್ಯಾನಿನ ಡೀಸೆಲ್ ಸುರಿದ್ರೆ ಅದು ಸೋಸಿಕೊಳ್ಳದೇ ಮುಂದಕ್ಕೆ ಹೋಗುತ್ತೆ. ಪ್ರೈಮರಿಯಲ್ಲಿ ಹಾಗಾದ್ರೆ ಮುಂದೆ ಇನ್ನೊಂದು ಫಿಲ್ಟರ್ ಕಾಯುತ್ತೆ. ಸೆಕೆಂಡರಿಯಲ್ಲಾದ್ರೆ ನೇರ ಹೈ ಪ್ರೆಶರ್ ಪಂಪಿಗೇ. ಇಂಜೆಕ್ಟರಿನ ಒಳಗಿನ ಸಂದಿಗಳು ಕೆಲವೇ ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು). ನಮ್ಮ ತಲೆಕೂದಲು 70 ಮೈಕ್ರಾನ್ ಆಸುಪಾಸು. ಕ್ಯಾನಿನ ಬಾಯಲ್ಲಿ ಕಾಣದ ಧೂಳು ಅಲ್ಲಿ ಕಲ್ಲೇ.

ಅಂದಹಾಗೆ ಪ್ರೈಮರಿ ಎಷ್ಟು ಮೈಕ್ರಾನ್‌ವರೆಗೆ ಸೋಸೋದು ಹಾಕಿದ್ರಿ? ರೇಕೋರ್ ಕಂಪನಿಯ ಎಲಿಮೆಂಟ್ ಆಗಿದ್ರೆ ಬಣ್ಣದಲ್ಲೇ ಗೊತ್ತಾಗುತ್ತೆ: ಕೆಂಪು 30, ನೀಲಿ 10, ಕಂದು 2. ಕೆಲವರು "ಸಣ್ಣದಾದಷ್ಟು ಒಳ್ಳೇದು" ಅಂತ ಪ್ರೈಮರಿಗೂ 2 ಹಾಕ್ತಾರೆ. ಆಗ ಪಂಪ್ ಜಾಸ್ತಿ ಎಳೀಬೇಕು, ಫಿಲ್ಟರಿನಿಂದ ಪಂಪಿನವರೆಗೆ ನಿರ್ವಾತ ಏರುತ್ತೆ, ಅಲ್ಲಿನ ಸಣ್ಣ ಸಂದಿಯಿಂದಲೂ ಗಾಳಿ ನುಗ್ಗುತ್ತೆ.

ಗಾಲಿಮನೆ

ನೀಲಿ. ಮೊದಲೂ ನೀಲೀನೇ ಇತ್ತು.

ಹಳೇಸ್ಪ್ಯಾನರ್

ಹಾಗಾದ್ರೆ ಅದು ಬಿಡಿ. ನೀವು ಕೊಟ್ಟ ಉತ್ತರದಲ್ಲೇ ಅರ್ಧ ಕೆಲಸ ಆಯ್ತು.

ಜನರೇಟರ್ ಓಡ್ತಿದೆ ಅಂದ್ರೆ ಟ್ಯಾಂಕಿನಲ್ಲಿ ಡೀಸೆಲ್ ಇದೆ, ಅದು ಓಡಿಸೋಕೆ ಯೋಗ್ಯವಾಗಿದೆ, ಟ್ಯಾಂಕಿನ ಉಸಿರು ಪೈಪ್ ಕಟ್ಟಿಲ್ಲ. ಆದ್ರೆ ಎಂಜಿನ್ ಪೈಪ್ ಸರಿ ಇದೆ ಅಂತ ಅದರಿಂದ ಹೇಳೋಕಾಗಲ್ಲ. ಜನರೇಟರಿಗೆ ಸಾಮಾನ್ಯವಾಗಿ ಬೇರೆ ಪೈಪ್ ಇರುತ್ತೆ, ಟ್ಯಾಂಕಿನೊಳಗೆ ಗಿಡ್ಡ. ಕಾಲು ಟ್ಯಾಂಕ್ ಉಳಿದಾಗಲೇ ಜನರೇಟರ್ ನಿಲ್ಲಲಿ, ಗಾಡಿ ಓಡಿಸೋಕೆ ಡೀಸೆಲ್ ಉಳೀಲಿ ಅಂತ.

ಮೂತಿ ಕೆಳಗಿದೆ ಅನ್ನೋದು ಇನ್ನೂ ದೊಡ್ಡ ಸುಳಿವು. ಎಂಜಿನ್ ನಿಂತ ತಕ್ಷಣ ಪೈಪಿನ ಡೀಸೆಲ್ ಟ್ಯಾಂಕಿನ ಕಡೆ ಇಳಿಯೋಕೆ ನೋಡುತ್ತೆ. ಎಲ್ಲಾ ಜೋಡಣೆ ಬಿಗಿಯಿದ್ರೆ ಇಳಿಯೋಕಾಗಲ್ಲ, ಯಾಕಂದ್ರೆ ಮೇಲಿಂದ ಗಾಳಿ ಬರೋಕೆ ದಾರಿ ಇಲ್ಲ. ಇಳೀತಿದೆ ಅಂದ್ರೆ ದಾರಿ ಇದೆ.

ಇನ್ನು "ಸೋರಿಕೆ ಇಲ್ಲ" ಅನ್ನೋ ಮಾತು. ಲಿಫ್ಟ್ ಪಂಪ್ ಎಂಜಿನ್ ಪಕ್ಕದಲ್ಲಿದ್ರೆ, ಪಂಪಿನ ನಂತರ ಒತ್ತಡ, ಪಂಪಿನ ಮೊದಲು ಎಳೆತ. ಒತ್ತಡದ ಕಡೆ ತೂತಿದ್ರೆ ಡೀಸೆಲ್ ಹೊರಗೆ ಬರುತ್ತೆ, ನಿಮ್ಮ ರಟ್ಟು ಒದ್ದೆಯಾಗುತ್ತೆ. ಎಳೆತದ ಕಡೆ ತೂತಿದ್ರೆ ಏನೂ ಹೊರಗೆ ಬರಲ್ಲ, ಗಾಳಿ ಒಳಗೆ ಹೋಗುತ್ತೆ. ತೂತಾದ ಸ್ಟ್ರಾದಲ್ಲಿ ಕುಡಿದಂಗೆ. ಒಣಗಿದ ರಟ್ಟು ಸೆಕೆಂಡರಿ ಫಿಲ್ಟರಿಗೆ ಕ್ಲೀನ್ ಚಿಟ್ ಕೊಡುತ್ತೆ, ಪ್ರೈಮರಿ ಮತ್ತು ಅದರ ಹಿಂದಿನ ಅಷ್ಟೂ ಪೈಪಿಗೆ ಕೊಡಲ್ಲ.

ಈಗ ಜಾಗ ಹುಡುಕಬೇಕು. ಪ್ರೈಮರಿಯಿಂದ ಹೊರಬರೋ ಪೈಪಿನಲ್ಲಿ ಒಂದು ಗೇಣು ಪಾರದರ್ಶಕ ಹೋಸ್ ಸೇರಿಸಿ, ಕ್ಲಿಪ್ ಹಾಕಿ. ಇದು ಪರೀಕ್ಷೆಗೆ ಮಾತ್ರ, ಓಡಿಸೋಕಲ್ಲ. ಎಂಜಿನ್ ಓಡುವಾಗ ಗುಳ್ಳೆ ನೋಡಿ. ಫಿಲ್ಟರ್ ಬದಲಿಸಿದ ಮೊದಲ ಕೆಲವು ನಿಮಿಷ ಬಿಡಿಬಿಡಿ ಗುಳ್ಳೆ ಸಹಜ. ಮುತ್ತಿನ ಸರದ ಹಾಗೆ ನಿಲ್ಲದೇ ಬಂದ್ರೆ ಸಹಜ ಅಲ್ಲ.

ಆಮೇಲೆ ಕ್ಯಾನ್ ಪರೀಕ್ಷೆ. ಪ್ರೈಮರಿಗೆ ಬರೋ ಪೈಪನ್ನ ಬಿಚ್ಚಿ ಮುಚ್ಚಿಡಿ. ಅದರ ಜಾಗಕ್ಕೆ ಬೇರೆ ಒಳ್ಳೆಯ ಹೋಸ್ ಹಾಕಿ, ಇನ್ನೊಂದು ತುದಿ ಶುದ್ಧ ಡೀಸೆಲ್ ಇರೋ ಕ್ಯಾನಿಗೆ. ಎಂಜಿನ್ ಸರಿಯಾಗಿ ಓಡಿದ್ರೆ ತಪ್ಪು ಟ್ಯಾಂಕಿನಿಂದ ಫಿಲ್ಟರಿನವರೆಗಿನ ಪೈಪಲ್ಲಿ. ಓಡದಿದ್ರೆ ಫಿಲ್ಟರ್ ಹೆಡ್, ಬಟ್ಟಲು, ನೀರಿನ ಸೆನ್ಸರ್ ಅಥವಾ ಅದರ ಮುಂದೆ. ಕ್ಯಾನಿನ ಮೇಲೆ ಕಣ್ಣಿರಲಿ: ರಿಟರ್ನ್ ದೊಡ್ಡ ಟ್ಯಾಂಕಿಗೆ ಹೋಗೋದ್ರಿಂದ ಎಂಜಿನ್ ಕುಡಿಯೋದಕ್ಕಿಂತ ಎಷ್ಟೋ ವೇಗವಾಗಿ ಕ್ಯಾನ್ ಖಾಲಿಯಾಗುತ್ತೆ. "ಮತ್ತೆ ನಿಂತೋಯ್ತು" ಅಂತ ಗಾಬರಿ ಬೀಳೋದು ಬೇಡ.

ಬಟ್ಟಲುಭಟ್ಟ

ಮಾರಾಯ್ರೆ, ಕ್ಯಾನಿಗೆ ಹೋಗುವ ಮೊದಲು ಆ ನೀರಿನ ಸೆನ್ಸರ್ ಒಮ್ಮೆ ನೋಡಿ. ಬಟ್ಟಲಿಗೆ ಒಂದು ದೊಡ್ಡ ಓ-ರಿಂಗ್, ಸೆನ್ಸರಿಗೆ ಒಂದು ಸಣ್ಣದು. ದೊಡ್ಡದು ಎಲ್ಲರಿಗೂ ಕಾಣ್ತದೆ, ಸಣ್ಣದು ಹಳತೇ ಉಳೀತದೆ. ಚಪ್ಪಟೆಯಾಗಿದ್ರೆ ಅದೇ ಕಳ್ಳ. ಕೆಳಗಿನ ಡ್ರೈನ್ ಕಾಕ್ ಸಹ.

ಗಾಲಿಮನೆ

ಸೆನ್ಸರ್ ರಿಂಗ್ ಬಿಚ್ಚಿ ನೋಡಿದೆ, ದುಂಡಗೇ ಇದೆ. ಆದ್ರೂ ಹೊಸದು ಹಾಕಿದೆ. ವ್ಯತ್ಯಾಸ ಇಲ್ಲ.

ಪಾರದರ್ಶಕ ಹೋಸ್ ಹಾಕಿದೆ. ಗುಳ್ಳೆ ಸರ ಕಟ್ಟಿಕೊಂಡು ಬರ್ತಿತ್ತು, ಎಂಜಿನ್ ನಿಂತಾಗ ಹೋಸಿನ ಡೀಸೆಲ್ ಕಣ್ಣೆದುರಿಗೇ ಹಿಂದಕ್ಕೆ ಜಾರಿಹೋಯ್ತು. ಆಮೇಲೆ ಕ್ಯಾನ್. ಮೊದಲು ಸ್ವಲ್ಪ ಕೆಮ್ಮಿತು, ಆಮೇಲೆ ಗುಳ್ಳೆ ಕಮ್ಮಿಯಾಗ್ತಾ ಆಗ್ತಾ ಪೂರ್ತಿ ನಿಂತಿತು. ಎಂಜಿನ್ ಗಡಿಯಾರದ ಥರ ಓಡ್ತಿದೆ!

ಅಂದ್ರೆ ಇನ್ನು ಟ್ಯಾಂಕಿನವರೆಗೆ ಅಷ್ಟೂ ಪೈಪ್ ಬಿಚ್ಚಬೇಕಾ?

ಹಳೇಸ್ಪ್ಯಾನರ್

ಇಲ್ಲ ಸ್ವಾಮಿ. ಫಿಲ್ಟರ್ ಬದಲಿಸೋಕೆ ಮುಂಚೆ ಓಡ್ತಿದ್ದ ಗಾಡಿ. ನೀವು ಕೈಯಿಟ್ಟ ಜಾಗದ ಸುತ್ತಮುತ್ತಲೇ ಹುಡುಕಿ. ಫಿಲ್ಟರ್ ಬಿಗಿಯಾಗಿ ಕೂತಿತ್ತು, ಪಟ್ಟಿ ಸ್ಪ್ಯಾನರ್ ಹಾಕಿ ತಿರುಗಿಸಿರ್ತೀರಿ. ಆಗ ಫಿಲ್ಟರ್ ಹೆಡ್ ಬ್ರಾಕೆಟ್ ಸಮೇತ ಒಂಚೂರು ಹೊರಳುತ್ತೆ. ಅದಕ್ಕೆ ಸಿಕ್ಕಿಸಿರೋ ಹಳೇ ರಬ್ಬರ್ ಹೋಸ್ ಗಟ್ಟಿಯಾಗಿ ಕೂತಿರುತ್ತೆ, ಬಗ್ಗೋ ಬದಲು ಬಿರಿಯುತ್ತೆ. ಒಳಬರೋ ಹೋಸಿನ ಲೋಹದ ಬಳೆಯ ಬುಡ ನೋಡಿ. ಸುಮ್ಮನೆ ನೋಡಿದ್ರೆ ಕಾಣಲ್ಲ, ಕೈಯಲ್ಲಿ ನಾಲ್ಕೂ ದಿಕ್ಕಿಗೆ ಬಗ್ಗಿಸಿ ನೋಡಿ.

ಗಾಲಿಮನೆ

ಸಿಕ್ತು!

ಬಳೆಯಿಂದ ಬೆರಳಗಲ ಆಚೆ, ಚಾಸಿಸ್ ಕಡೆ ತಿರುಗಿದ ಮಗ್ಗುಲಲ್ಲಿ. ನೆಟ್ಟಗಿದ್ದಾಗ ಏನೂ ಕಾಣಲ್ಲ. ಕೆಳಕ್ಕೆ ಬಗ್ಗಿಸಿದಾಗ ಅರ್ಧ ಸುತ್ತಿನಷ್ಟು ಬಾಯಿ ಬಿಡ್ತು, ಒಳಗಿನ ಹೆಣಿಗೆಯ ದಾರ ಕಾಣ್ತಿದೆ. ಮೇಲೆ ಅಷ್ಟೂ ಒಣಧೂಳು, ಎಣ್ಣೆಯ ಪಸೆ ಕೂಡ ಇಲ್ಲ.

ಹೊಸ ಹೋಸ್ ಯಾವ ಥರದ್ದು ತಗೋಬೇಕು?

ಎರಡುಮೈಕ್ರಾನ್

ಎರಡು ವಿಷಯ ನೋಡಿ. ಡೀಸೆಲ್‌ಗೂ ಬಯೋಡೀಸೆಲ್‌ಗೂ ಆಗುತ್ತೆ ಅಂತ ಹೋಸ್ ಮೇಲೇ ಅಚ್ಚಾಗಿರಬೇಕು. ಹಳೇ ರಬ್ಬರನ್ನ ಬಯೋಡೀಸೆಲ್ ಮೆತ್ತಗೆ ಮಾಡುತ್ತೆ, ಟ್ಯಾಂಕಿನ ತಳದ ಹಳೇ ಕೆಸರನ್ನೂ ಕದಡುತ್ತೆ. ಎರಡನೇದು, ಎಳೆತ ತಡೆಯೋ ಹೋಸ್ ಇರಬೇಕು. ಒತ್ತಡಕ್ಕೆ ಮಾತ್ರ ಮಾಡಿರೋ ತೆಳು ಹೋಸ್ ನಿರ್ವಾತಕ್ಕೆ ಒಳಕ್ಕೆ ಕುಸಿದು ಅಂಟಿಕೊಳ್ಳುತ್ತೆ. ಬಿಚ್ಚಿ ನೋಡಿದ್ರೆ ಮತ್ತೆ ದುಂಡಗಿರುತ್ತೆ, ಅದನ್ನ ಹಿಡಿಯೋದು ಇದಕ್ಕಿಂತ ಕಷ್ಟ. ಇನ್ನು ಹೊರಹೋಗೋ ಹೋಸ್ ಅದೇ ವಯಸ್ಸಿನದು, ಅದನ್ನೂ ಬದಲಿಸಿ.

ಗಾಲಿಮನೆ

ಎರಡೂ ಬದಲಿಸಿದೆ. ಕೀ ಆನ್ ಮಾಡಿ ಲಿಫ್ಟ್ ಪಂಪ್ ತಾನೇ ನಿಲ್ಲೋವರೆಗೆ ಬಿಡೋದು, ಆಫ್, ಮತ್ತೆ ಆನ್. ಹೀಗೆ ಕೆಲವು ಸಲ ಮಾಡಿದ ಮೇಲೆ ಹತ್ತಿಕೊಳ್ತು. ರಾತ್ರಿ ಮೂತಿ ಕೆಳಗೆ ಮಾಡಿಯೇ ನಿಲ್ಲಿಸಿದ್ದೆ, ಬೆಳಿಗ್ಗೆ ಅರ್ಧ ಸುತ್ತಿಗೇ ಸ್ಟಾರ್ಟ್. ಏರಿನಲ್ಲಿ ಎಳೆತವೂ ವಾಪಸ್ ಬಂದಿದೆ.

ಒಂದು ಅನುಮಾನ ಉಳಿದಿದೆ. ಹಳೇ ಪ್ರೈಮರಿ ಎಲಿಮೆಂಟಿನ ಮಡಿಕೆಗಳಲ್ಲಿ ಕಪ್ಪು ಲೋಳೆ ಇದೆ. ಇದು ಹುಳದ ಕಾಟವಾ?

ಬಟ್ಟಲುಭಟ್ಟ

ಒಂದು ಮಡಿಕೆ ಕತ್ತರಿಸಿ ಬೆರಳಲ್ಲಿ ಉಜ್ಜಿ, ಗ್ಲೌಸ್ ಹಾಕ್ಕೊಂಡು. ಟಾರಿನ ಹಾಗೆ ಒಂದೇ ಸಮ ಹರಡಿದ್ರೆ ಹೆಚ್ಚಾಗಿ ಡೀಸೆಲಿನದೇ ಅಂಟು, ವರ್ಷಗಟ್ಟಲೆ ನಿಂತ ಡೀಸೆಲಿನಲ್ಲಿ ಹಾಗೆ ಆಗ್ತದೆ. ಕೆನೆಯ ಹಾಗೆ ಚೂರುಚೂರಾಗಿ ಕಿತ್ತು ಬಂದು ಕೆಟ್ಟ ವಾಸನೆ ಬಂದ್ರೆ ಅದು ಜೀವಾಣು. ಅವು ಬದುಕುವುದು ಡೀಸೆಲ್ ಮತ್ತು ನೀರು ಸೇರುವ ಗೆರೆಯಲ್ಲಿ, ಹಾಗಾಗಿ ನೀರಿಲ್ಲದೇ ಅವಿಲ್ಲ. ಬಟ್ಟಲಿನ ತಳದಿಂದ ಒಂದು ಗಾಜಿನ ಜಾಡಿಗೆ ಬಿಟ್ಟು ರಾತ್ರಿ ಇಡಿ, ನೀರು ಕೆಳಗೆ ಕೂರ್ತದೆ.

ಗಾಲಿಮನೆ

ಜಾಡಿಯಲ್ಲಿ ತಳದಲ್ಲಿ ನೀರು ನಿಂತಿದೆ, ಮಧ್ಯದಲ್ಲಿ ಕಂದು ಪೊರೆ. ಜೀವಾಣುವೇ ಅನ್ಸುತ್ತೆ.

ಹಳೇಸ್ಪ್ಯಾನರ್

ಹಾಗಾದ್ರೆ ಮೊದಲು ಟ್ಯಾಂಕಿನ ತಳದ ನೀರು ತೆಗೀರಿ, ಆಮೇಲೆ ಜೀವಾಣು ಕೊಲ್ಲೋ ಡೀಸೆಲ್ ಬಯೋಸೈಡ್ ಹಾಕಿ, ಡಬ್ಬಿಯ ಮೇಲಿನ ಅಳತೆಯಂತೆ. ಜನ ಇಲ್ಲೇ ಮೋಸ ಹೋಗೋದು: ಔಷಧಿ ಹಾಕಿದ್ರೆ ಅವು ಸಾಯ್ತವೆ, ಮಾಯ ಆಗಲ್ಲ. ಸತ್ತ ಪೊರೆ ಅಷ್ಟೂ ಹೊಸ ಫಿಲ್ಟರಿಗೇ ಬರುತ್ತೆ. ಮುಂದಿನ ಓಡಾಟಕ್ಕೆ ಎರಡು ಪ್ರೈಮರಿ ಎಲಿಮೆಂಟ್, ಅವುಗಳ ಓ-ರಿಂಗ್, ಬಟ್ಟಲಿಗೆ ಕೂರೋ ಸ್ಪ್ಯಾನರ್, ಒಂದು ಬಕೆಟ್ ಜೊತೆಗಿರಲಿ. ಜನರೇಟರ್ ಫಿಲ್ಟರ್ ಬೇರೆ ಇದೆ, ಅದನ್ನೂ ಮರೀಬೇಡಿ. ಅದೇ ಟ್ಯಾಂಕಿನ ನೀರೇ ಅದಕ್ಕೂ ಹೋಗಿರೋದು. ಡೀಸೆಲ್ ಹೀಟರ್ ಇದ್ರೆ ಅದರ ಪಂಪಿನ ಜಾಲರಿಯನ್ನೂ ನೋಡಿ.

ಗುಂಡಿಗೆಗಟ್ಟಿ

ನಂದೂ ಮೂತಿ ಕೆಳಗಿದ್ದಾಗ ಬೆಳಿಗ್ಗೆ ಸತಾಯಿಸುತ್ತೆ, ಹಿಂಭಾಗ ಕೆಳಗಿದ್ರೆ ಸಟ್ಟನೆ ಹತ್ತುತ್ತೆ. ಇಷ್ಟು ದಿನ ಬ್ಯಾಟರಿ ಅಂದ್ಕೊಂಡಿದ್ದೆ. ಪಾರದರ್ಶಕ ಹೋಸ್ ಎಷ್ಟು ದಪ್ಪದ್ದು ಬೇಕು?

ಹಳೇಸ್ಪ್ಯಾನರ್

ಈಗಿರೋ ಪೈಪಿನ ಒಳ ಅಳತೆಯದ್ದೇ ತಗೊಳ್ಳಿ, ಕಿರಿದು ಬೇಡ. ಸ್ಪ್ರೇ ಡಬ್ಬಿ ಮನೇಲೇ ಇರಲಿ.